ಹಾಡುತ್ತಿರುವವರು ಯಾರು?

ಕಂಪ್ಯೂಟರಿನಲ್ಲಿ ನಾನು ಏನೂ ಹಾಕದಿದ್ದರೂ ಒಮ್ಮೊಮ್ಮೆ ಹಾಡು ಕೇಳಿಸುತ್ತದೆ. ಏಕೆ? ನಿಲ್ಲಿಸುವುದು ಹೇಗೆ?

ತೆರೆದಿಟ್ಟ ಟ್ಯಾಬ್, ಆ್ಯಪ್‌ಗಳೆಲ್ಲ ತಂತಮ್ಮ ಸದ್ದನ್ನು ವಿಂಡೋಸ್‌ಗೆ ಒಪ್ಪಿಸುತ್ತವೆ. ಅದು ಎಲ್ಲವನ್ನೂ ಬೆರೆಸಿ ಒಂದೇ ಸ್ಪೀಕರಿಗೆ ಕಳಿಸುತ್ತದೆ. ವಠಾರದಲ್ಲಿ ರೇಡಿಯೊ ಕೇಳಿಸುತ್ತದೆ, ಯಾರ ಮನೆಯದೆಂದು ಗೊತ್ತಾಗುವುದಿಲ್ಲವಲ್ಲ, ಹಾಗೆ. ಮೊದಲು ಬ್ರೌಸರಿನ ಟ್ಯಾಬ್‌ಗಳ ಸಾಲು ನೋಡಿ. ಸದ್ದು ಮಾಡುವ ಟ್ಯಾಬಿನ ಮೇಲೆ ಪುಟ್ಟ ಸ್ಪೀಕರ್ ಚಿತ್ರ ಇರುತ್ತದೆ. ಕ್ರೋಮ್ ಆದರೆ ಆ ಟ್ಯಾಬಿನ ಮೇಲೆ ರೈಟ್ ಕ್ಲಿಕ್ ಮಾಡಿ ‘ಮ್ಯೂಟ್ ಸೈಟ್’ ಒತ್ತಿ. ಆ ಜಾಲತಾಣದ ಬಾಯಿಯೇ ಬಂದ್. ಅಲ್ಲಿ ಸಿಗಲಿಲ್ಲವೇ? ಗಡಿಯಾರದ ಪಕ್ಕದ ಸ್ಪೀಕರ್ ಗುರುತಿನ ಮೇಲೆ ರೈಟ್ ಕ್ಲಿಕ್ ಮಾಡಿ ವಾಲ್ಯೂಮ್ ಮಿಕ್ಸರ್ ತೆರೆಯಿರಿ. ಕಳ್ಳ ಆ್ಯಪ್ ಹೆಸರು ಸಮೇತ ಸಿಕ್ಕಿಬೀಳುತ್ತದೆ. ಕೇಳದೆಯೇ ಹಾಡುವ ಪುಟಗಳಿಗೆ ಕ್ರೋಮ್ 2018ರಿಂದ ಕಡಿವಾಣ ಹಾಕಿದೆ. ಆದರೆ ನೀವು ಪದೇ ಪದೇ ವಿಡಿಯೊ ನೋಡುವ ತಾಣಗಳಿಗೆ ವಿನಾಯಿತಿ ಉಂಟು.