ನೀರು ಆರುವ ತನಕ

ಯಶವಂತಪುರ ದಾಟಿದರೆ ಸಿಗುವ ಮತ್ತಿಕೆರೆಯ ಅಡ್ಡರಸ್ತೆಗಳು ಕಿರಿದು, ಮನೆಗಳು ಒತ್ತೊತ್ತು. ಹೆಚ್ಚಿನ ಕಾರುಗಳಿಗೆ ರಸ್ತೆಯಂಚೇ ಗ್ಯಾರೇಜು. ಏಪ್ರಿಲ್ ಮಧ್ಯಾಹ್ನ ಬಾಗಿಲು ತೆಗೆದರೆ ಒಳಗಿನ ಬಿಸಿ ಮುಖಕ್ಕೆ ರಾಚುತ್ತದೆ, ಸ್ಟೇರಿಂಗ್ ಮುಟ್ಟಲಾಗುವುದಿಲ್ಲ. ಸನ್ ಫಿಲ್ಮ್ ಹಾಕಿಸೋಣ ಎಂಬ ಮಾತು ಮನೆಯಲ್ಲಿ ಏಳುವುದು ಆಗಲೇ. ಅಂಗಡಿಯವರಿಗೆ ಅದು ಅರ್ಧ ದಿನದ ಕೆಲಸ. ಆದರೆ ಫಿಲ್ಮ್ ಗಾಜಿಗೆ ಪೂರ್ತಿ ಕೂರಲು ಸುಮಾರು ಒಂದು ತಿಂಗಳು ಬೇಕು. ಆ ತಿಂಗಳ ಜವಾಬ್ದಾರಿ ಕಾರಿನವರದು.

ಹಾಕಿಸುವ ಮುನ್ನ ಕಾನೂನು ತಿಳಿದಿರಬೇಕು. ಮುಂದಿನ ಮತ್ತು ಹಿಂದಿನ ಗಾಜಿನಲ್ಲಿ ಕನಿಷ್ಠ 70%, ಪಕ್ಕದ ಗಾಜುಗಳಲ್ಲಿ 50% ಬೆಳಕು ಹಾಯಬೇಕೆನ್ನುತ್ತದೆ ಕೇಂದ್ರ ಮೋಟಾರು ವಾಹನ ನಿಯಮಗಳ 100ನೇ ನಿಯಮ. 2012ರ ಏಪ್ರಿಲ್‌ನಲ್ಲಿ ಸುಪ್ರೀಂ ಕೋರ್ಟ್, ಎಷ್ಟೇ ತೆಳುವಾಗಿದ್ದರೂ ಗಾಜಿಗೆ ಫಿಲ್ಮ್ ಅಂಟಿಸುವಂತಿಲ್ಲ ಎಂದಿತು. 2021ರ ಏಪ್ರಿಲ್‌ನಿಂದ ಜಾರಿಗೆ ಬಂದ ತಿದ್ದುಪಡಿಯಲ್ಲಿ, ಒಳಬದಿಗೆ ಫಿಲ್ಮ್ ಇರುವ ಸುರಕ್ಷಾ ಗಾಜಿಗೂ ಜಾಗ ಸಿಕ್ಕಿತು. ಇದನ್ನು ಆಧರಿಸಿ 2024ರಲ್ಲಿ ಕೇರಳ ಹೈಕೋರ್ಟ್, ಮಿತಿಯೊಳಗಿನ ಫಿಲ್ಮ್‌ಗೆ ದಂಡ ಹಾಕುವಂತಿಲ್ಲ ಎಂದಿತು. ಅದು ನೆರೆರಾಜ್ಯದ ತೀರ್ಪು. ಬೆಂಗಳೂರಿನಲ್ಲಿ ಕಪ್ಪು ಗಾಜಿನ ಮೇಲೆ ಸಂಚಾರ ಪೊಲೀಸರ ಕಾರ್ಯಾಚರಣೆ ಆಗಾಗ ನಡೆಯುತ್ತಲೇ ಇರುತ್ತದೆ. ಹಾಗಾಗಿ ಶೇಕಡಾವಾರು ಬರೆಸಿದ ಬಿಲ್ ಕಾರಿನಲ್ಲೇ ಇರಲಿ.

ಈ ಲೆಕ್ಕದಲ್ಲಿ ಹಲವರು ಎಡವುತ್ತಾರೆ. ಕಂಪನಿಯ ಗಾಜೇ ಸ್ವಲ್ಪ ಬೆಳಕು ತಡೆಯುತ್ತದೆ. 75% ಬಿಡುವ ಗಾಜಿಗೆ 60% ಬಿಡುವ ಫಿಲ್ಮ್ ಸೇರಿದರೆ ಒಟ್ಟು 45% ಮಾತ್ರ, ಮಿತಿ ಮೀರಿತು. ಕಪ್ಪಾದಷ್ಟೂ ತಂಪು ಎಂಬುದೂ ತಪ್ಪು. ಕಣ್ಣಿಗೆ ಕಾಣದ ಅವಕೆಂಪು ಕಿರಣವನ್ನು ತಡೆಯುವ ಸೆರಾಮಿಕ್ ಫಿಲ್ಮ್ ತಿಳಿಯಾಗಿದ್ದೂ ಬಿಸಿ ತಗ್ಗಿಸುತ್ತದೆ. ಲೋಹದ ಲೇಪವಿರುವ ಫಿಲ್ಮ್ ಫಾಸ್ಟ್ಯಾಗ್‌ಗೂ ಮೊಬೈಲ್ ಸಿಗ್ನಲ್‌ಗೂ ಅಡ್ಡ ಬರಬಹುದು, ಇದು ಬರುವುದಿಲ್ಲ.

ಇನ್ನು ಕಸುಬು. ಫಿಲ್ಮ್ ಎಂದರೆ ಒಂದು ಮೈಗೆ ಅಂಟು ಬಳಿದ ತೆಳು ಪಾಲಿಯೆಸ್ಟರ್ ಹಾಳೆ. ಹಾಳೆ ಸಪಾಟು, ಕಾರಿನ ಗಾಜು ಬಾಗಿದ್ದು. ಹಾಗಾಗಿ ಮೊದಲು ಗಾಜಿನ ಹೊರಮೈ ಮೇಲೆ ಹರವಿ, ಹೀಟ್ ಗನ್ನಿನ ಬಿಸಿಗಾಳಿಯಲ್ಲಿ ಕುಗ್ಗಿಸಿ, ಗಾಜಿನ ಆಕಾರಕ್ಕೆ ತಂದು ಕತ್ತರಿಸುತ್ತಾರೆ. ಬಿಸಿ ಹೆಚ್ಚಾದರೆ ಹಾಳೆ ಸುಕ್ಕಾಗುತ್ತದೆ, ಕಡಿಮೆಯಾದರೆ ಮಡಿಕೆ ಉಳಿಯುತ್ತದೆ. ಆಮೇಲೆ ಒಳಮೈಯನ್ನು ಧೂಳಿಲ್ಲದಂತೆ ತೊಳೆದು, ಶಾಂಪೂ ಬೆರೆತ ನೀರು ಚಿಮುಕಿಸಿ, ಹಾಳೆಯನ್ನು ಜಾರಿಸಿ ಕೂರಿಸಿ, ರಬ್ಬರ್ ಪಟ್ಟಿಯಿಂದ ನಡುವಿನಿಂದ ಅಂಚಿಗೆ ನೀರನ್ನು ನೂಕುತ್ತಾರೆ. ಬೋರ್‌ವೆಲ್ ನೀರಾದರೆ ಅದರ ಸುಣ್ಣದಂಶ ಬಿಳಿ ಚುಕ್ಕೆಯಾಗಿ ಒಳಗೇ ಉಳಿಯಬಹುದು. ಅದಕ್ಕೇ ಸುಣ್ಣದಂಶ ತೆಗೆದ ನೀರು ಬೇಕು.

ಎಷ್ಟೇ ಪಳಗಿದ ಕೈಯಾದರೂ ನೀರನ್ನು ಪೂರ್ತಿ ಹೊರಹಾಕಲಾಗದು. ಉಳಿದ ಪಸೆ ನಿಧಾನವಾಗಿ ಆರಬೇಕು, ಅಂಟು ಬಿಗಿಯಬೇಕು. ಆರೈಕೆಯ ಮಾತೆಲ್ಲ ಹುಟ್ಟುವುದು ಇಲ್ಲಿಂದಲೇ.

ಮೊದಲ 3ರಿಂದ 5 ದಿನ ಗಾಜು ಇಳಿಸಬೇಡಿ. ಬಾಗಿಲಿನ ಸಂದಿಯ ರಬ್ಬರ್ ಪಟ್ಟಿ ಇನ್ನೂ ಹಸಿಯಿರುವ ಅಂಚನ್ನು ಹಿಡಿದೆಳೆಯುತ್ತದೆ. ಸ್ವಿಚ್ಚಿನ ಮೇಲೆ ಟೇಪು ಅಂಟಿಸಿ. ಹಿಂದೆ ಮಕ್ಕಳು ಕೂರುವುದಾದರೆ ಚಾಲಕನ ಬಾಗಿಲಿನಲ್ಲಿರುವ ಕಿಟಕಿ ಲಾಕ್ ಒತ್ತಿಡಿ. ವರ್ಷವಿಡೀ ನೆರಳು ಹುಡುಕುವವರು ಈ ಕೆಲ ದಿನ ಬಿಸಿಲಲ್ಲೇ ನಿಲ್ಲಿಸಿ. ಮಳೆಗಾಲದಲ್ಲಿ ಹಾಕಿಸಿದ್ದರೆ ಗಾಳಿಯ ತೇವಕ್ಕೆ ಆರುವುದು ತಡ, ಇನ್ನೂ ಒಂದಷ್ಟು ದಿನ ಹೆಚ್ಚು ಕಾಯಿರಿ.

ಮರುದಿನ ಗಾಜು ಮಬ್ಬಾಗಿ ಕಂಡರೆ, ಸಣ್ಣ ನೀರುಗುಳ್ಳೆ ಕಂಡರೆ ಗಾಬರಿ ಬೇಡ. ಉಗುರಿನಿಂದ ಒತ್ತಬೇಡಿ, ಅಂಚು ಕೀಳಬೇಡಿ. ಎರಡರಿಂದ ನಾಲ್ಕು ವಾರದಲ್ಲಿ ಅವು ತಾವಾಗಿ ಇಂಗುತ್ತವೆ. ಆಮೇಲೂ ಉಳಿದದ್ದು ಧೂಳಿನ ಕಣವೋ ಗಾಳಿಗುಳ್ಳೆಯೋ ಇರಬೇಕು, ಅಂಗಡಿಗೆ ತೋರಿಸಿ.

ಇನ್ನೊಂದು ಮಾತನ್ನು ಬೆಳಗಿನ ಜಾವ ಬಂದು ಕಾರು ಒರೆಸುವವರಿಗೆ ಮೊದಲ ದಿನವೇ ಹೇಳಿಬಿಡಿ: ಒಂದು ತಿಂಗಳು ಹೊರಗಡೆ ಮಾತ್ರ ಒರೆಸಿದರೆ ಸಾಕು. ಅವರ ಬನಿಯನ್ ಬಟ್ಟೆಯಲ್ಲಿ ಸಿಕ್ಕಿಕೊಂಡ ಮರಳಿನ ಒಂದೇ ಕಣ ಫಿಲ್ಮ್‌ಗೆ ಗೀರು ಹಾಕೀತು. ಆಯುಧಪೂಜೆಗೆ ಕಾರನ್ನು ಒಳಗೂ ಹೊರಗೂ ತೊಳೆಯುವ ಮನೆಗಳಲ್ಲಿ, ಹಬ್ಬದ ಹಿಂದಿನ ತಿಂಗಳು ಹಾಕಿಸದಿರುವುದೇ ಮೇಲು.

ತಿಂಗಳ ಬಳಿಕ ಒಳಗೆ ಒರೆಸಲು ಒಂದು ಹನಿ ಶಾಂಪೂ ಬೆರೆಸಿದ ನೀರು, ಮೆತ್ತನೆಯ ಮೈಕ್ರೋಫೈಬರ್ ಬಟ್ಟೆ ಸಾಕು. ಅಮೋನಿಯಾ ಇರುವ ಗಾಜಿನ ಕ್ಲೀನರ್ ಬೇಡ, ಫಿಲ್ಮ್ ಮಂಕಾಗುತ್ತದೆ. ಹಿಂದಿನ ಗಾಜಿನಲ್ಲಿ ಡಿಫಾಗರ್ ಗೆರೆಗಳಿದ್ದರೆ ಅವುಗಳ ಜಾಡಿನಲ್ಲೇ ಒರೆಸಿ. ಸ್ಟಿಕರ್, ಬಿಸಿಲಿನ ಪರದೆಯ ಹೀರುಬಿಲ್ಲೆ ಫಿಲ್ಮ್ ಮೇಲೆ ಬೇಡ. ಕೀಳುವಾಗ ಫಿಲ್ಮೂ ಎದ್ದು ಬರಬಹುದು.

ಹೀಗೆ ಕಾದವರ ಗಾಜಿನಲ್ಲಿ ತಿಂಗಳ ಕೊನೆಗೆ ಮಬ್ಬು ಇರದು, ಗುಳ್ಳೆ ಇರದು. ಬಿಸಿಲಿನ ಕಾವು ತಗ್ಗಿರುತ್ತದೆ. ಒಳಗೆ ಕೂತವರ ಮುಖ ಹೊರಗಿನವರಿಗೆ ಸ್ಪಷ್ಟವಾಗಿ ಕಾಣುತ್ತಿರುತ್ತದೆ.