ಕೌದಿ ಮನೆಯ ಎಂಜಿನ್ನು

ತೊಗರಿ ಕೊಯ್ಲಿಗೆ ಬರುವ ಹೊತ್ತಿಗೆ ಸೇಡಂ, ಚಿತ್ತಾಪುರದ ಮನೆಗಳಲ್ಲಿ ಟ್ರಂಕಿನ ತಳದ ಕೌದಿಗಳೂ ಹೊರಗೆ ಬರುತ್ತವೆ. ದೊಡ್ಡವರು ಹೊದೆಯಲಿಕ್ಕೆಂದು ತೆಗೆದರೆ ಹುಡುಗರಿಗೆ ಬೇರೆಯೇ ಕೆಲಸ ಹೊಳೆಯುತ್ತದೆ. ಹೊರಸಿನ ಕಾಲಿಗೂ ಕಿಟಕಿ ಸರಳಿಗೂ ಹಗ್ಗ ಬಿಗಿದು, ಮೇಲೊಂದು ಕೌದಿ ಎಳೆದರೆ ಮನೆಯೊಳಗೊಂದು ಮನೆ ತಯಾರು. ಆಟವೆಂದು ತಳ್ಳಿಹಾಕಬೇಡಿ, ಅದು ಪಕ್ಕಾ ಯಂತ್ರ. ತಿರುಗುವ ಭಾಗ ಒಂದೂ ಇಲ್ಲ, ಕರೆಂಟೂ ಬೇಡ. ಎಂಜಿನ್ನು ಎಂದರೆ ಒಳಗೆ ಕೂತ ಹುಡುಗರೇ.

ಸುಮ್ಮನೆ ಕೂತ ದೊಡ್ಡ ಮನುಷ್ಯನ ಮೈಯಿಂದ ಸುಮಾರು 100 ವ್ಯಾಟ್ ಶಾಖ ಹೊರಬೀಳುತ್ತಿರುತ್ತದೆ. ಮಕ್ಕಳದು ಅದಕ್ಕಿಂತ ಕಡಿಮೆ, ಆದರೆ ಮಕ್ಕಳು ಸುಮ್ಮನೆ ಕೂರುವುದುಂಟೆ? ಮೂವರು ಸೇರಿದರೆ 200 ವ್ಯಾಟ್ ಎಂದಿಟ್ಟುಕೊಳ್ಳಿ. ಎರಡು ಘನ ಮೀಟರಿನ ಗುಡಾರದೊಳಗಿನ ಗಾಳಿಯ ತೂಕ ಎರಡೂವರೆ ಕಿಲೋ ಕೂಡ ಇರುವುದಿಲ್ಲ. ಸೋರಿಕೆಯೇ ಇಲ್ಲದಿದ್ದರೆ ಅಷ್ಟು ಗಾಳಿಯನ್ನು ಒಂದು ಡಿಗ್ರಿ ಬಿಸಿ ಮಾಡಲು ಈ ಮೂವರಿಗೆ ಕಾಲು ನಿಮಿಷ ಸಾಕು. ಸೋರಿಕೆ ಇದ್ದೇ ಇರುತ್ತದೆ ಅನ್ನಿ. ಹುಟ್ಟುವ ಶಾಖ, ಸೋರುವ ಶಾಖ ಸಮವಾದಲ್ಲಿ ಒಳಗಿನ ತಾಪಮಾನ ನಿಲ್ಲುತ್ತದೆ. ನನ್ನ ಲೆಕ್ಕದಲ್ಲಿ ಅದು ಕೋಣೆಗಿಂತ ಮೂರ್ನಾಲ್ಕು ಡಿಗ್ರಿ ಮೇಲೆ. ಗುಡಾರ ಹಿಗ್ಗಿದಷ್ಟೂ ಸೋರುವ ಮೈ ಹೆಚ್ಚು. ಎದ್ದು ನಿಲ್ಲುವಷ್ಟು ಎತ್ತರಕ್ಕೆ ಅರಮನೆ ಕಟ್ಟಿದವರು ನಡುಗುತ್ತಾರೆ.

ಸೋರಿಕೆ ತಡೆಯುವುದು ಕೌದಿಯ ಕೆಲಸ. ಹಳೇ ಸೀರೆ, ಧೋತರಗಳನ್ನು ಪದರ ಪದರವಾಗಿ ಹಾಸಿ ಹೊಲಿದ ಕೌದಿಯಲ್ಲಿ ಚಳಿ ತಡೆಯುವುದು ಬಟ್ಟೆಗಿಂತ ಹೆಚ್ಚಾಗಿ ಪದರಗಳ ನಡುವೆ ಸಿಕ್ಕಿಕೊಂಡ ಗಾಳಿ. ಹತ್ತಿರ ಹಿಡಿದು ನೋಡಿ. ಹೊಲಿಗೆ ಸಾಲಿನಲ್ಲಿ ಪದರಗಳು ಬಿಗಿದು ತೆಳುವಾಗಿವೆ, ಎರಡು ಸಾಲುಗಳ ನಡುವೆ ತುಸು ಉಬ್ಬಿವೆ. ಉಬ್ಬಿದಲ್ಲಿ ಗಾಳಿ ನಿಲ್ಲುತ್ತದೆ, ಬಿಗಿದಲ್ಲಿ ಶಾಖ ಜಾರುತ್ತದೆ. ಹಾಗೆಂದು ಹೊಲಿಗೆ ಕಡಿಮೆ ಮಾಡಿದರೆ ಒಳಪದರ ಜರುಗಿ ಮೂಲೆಯಲ್ಲಿ ಮುದ್ದೆಗಟ್ಟುತ್ತದೆ. ಈ ಎರಡರ ನಡುವಿನ ಅಳತೆಯನ್ನು ಕೌದಿ ಹೊಲಿಯುವ ಹೆಂಗಸರು ಕಣ್ಣಂದಾಜಿನಲ್ಲೇ ಸಾಧಿಸುತ್ತಾರೆ.

ಇಷ್ಟಾದರೂ ಈ ಭಾಗದ ಗುಡಾರಗಳು ಸೋಲುವುದು ಚಾವಣಿಯಲ್ಲಲ್ಲ, ನೆಲದಲ್ಲಿ. ನಮ್ಮ ಹಳೆಯ ಮನೆಗಳ ನೆಲ ಫರಸಿ, ಅಂದರೆ ಶಹಾಬಾದ್ ಕಲ್ಲು. ಕೋಟ್ಯಂತರ ವರ್ಷಗಳ ಹಿಂದೆ ಸಮುದ್ರದ ತಳದಲ್ಲಿ ಪದರವಾಗಿ ಕೂತ ಸುಣ್ಣಕಲ್ಲು ಅದು. ವಾಡಿ, ಸೇಡಂನ ಕಾರ್ಖಾನೆಗಳಲ್ಲಿ ಅರೆದು ಸುಟ್ಟು ಸಿಮೆಂಟ್ ಮಾಡುವುದೂ ಈ ಭಾಗದ ಸುಣ್ಣಕಲ್ಲನ್ನೇ. ನಿಶ್ಚಲ ಗಾಳಿಗೆ ಹೋಲಿಸಿದರೆ ಇಂಥ ಕಲ್ಲು ಐವತ್ತು ಪಟ್ಟಿಗೂ ಹೆಚ್ಚು ಸಲೀಸಾಗಿ ಶಾಖ ಸಾಗಿಸುತ್ತದೆ. ರಾತ್ರಿ ಒಂದು ಕೈ ಫರಸಿಯ ಮೇಲೆ, ಇನ್ನೊಂದು ಕೈ ಪಕ್ಕದ ಹೊರಸಿನ ಕಟ್ಟಿಗೆಯ ಮೇಲೆ ಇಡಿ. ಥರ್ಮಾಮೀಟರಿಗೆ ಎರಡೂ ಹೆಚ್ಚುಕಡಿಮೆ ಒಂದೇ, ಕೈಗೆ ಮಾತ್ರ ಕಲ್ಲು ಮಂಜಿನಂತೆ. ಕಟ್ಟಿಗೆಯ ಮೇಲ್ಮೈ ಬೇಗ ಬೆಚ್ಚಗಾಗಿ ಸುಮ್ಮನಾಗುತ್ತದೆ. ಕಲ್ಲು ಹಾಗಲ್ಲ, ಕೊಟ್ಟದ್ದನ್ನೆಲ್ಲ ಕೆಳಗಿನ ಮಣ್ಣಿಗೆ ದಾಟಿಸಿ ಮತ್ತೆ ಕೈಯೊಡ್ಡುತ್ತದೆ. ಸಾಲದ್ದಕ್ಕೆ, ಕೆಳಗೆ ಹಾಸಿದ ಬಟ್ಟೆ ನಮ್ಮ ಭಾರಕ್ಕೆ ಅಪ್ಪಚ್ಚಿಯಾಗಿ ಅದರೊಳಗಿನ ಗಾಳಿ ಹೊರಟುಹೋಗುತ್ತದೆ. ಆದ್ದರಿಂದ ಎರಡು ಕೌದಿ ಇದ್ದರೆ ದಪ್ಪನೆಯದು ಕೆಳಗೆ, ತೆಳ್ಳನೆಯದು ಮೇಲೆ. ದಪ್ಪನೆಯದರ ಅಡಿಗೆ ಗೋಣಿ ತಟ್ಟು ಬಿದ್ದರೆ ಇನ್ನೂ ಒಳ್ಳೆಯದು.

ಹಗ್ಗದ್ದೂ ಒಂದು ತಕರಾರಿದೆ. ತಂತಿಯಂತೆ ನೇರ ಇರಬೇಕೆಂದು ಎಲ್ಲರೂ ಎಳೆದು ಕಟ್ಟುತ್ತಾರೆ. ಮೂರು ಕಿಲೋ ಭಾರ ನಡುವೆ ತೂಗಿ ಹಗ್ಗ ಐದೇ ಡಿಗ್ರಿ ಬಾಗಿದ್ದರೆ ಎರಡೂ ತುದಿಗೆ ಹದಿನೇಳು ಕಿಲೋದಷ್ಟು ಸೆಳೆತ ಬೀಳುತ್ತದೆ. ಮೂವತ್ತು ಡಿಗ್ರಿ ಜೋತುಬಿಡಿ, ಸೆಳೆತ ಮೂರೇ ಕಿಲೋ. ನುಣುಪು ಫರಸಿಯ ಮೇಲೆ ಪ್ಲಾಸ್ಟಿಕ್ ಕುರ್ಚಿ ಜಾರಿ ಗುಡಾರ ಕುಸಿಯುವುದರ ಗುಟ್ಟು ಇಷ್ಟೇ. ಕುರ್ಚಿಯ ಮೇಲೊಂದು ಜೋಳದ ಚೀಲ ಕೂರಿಸಿದರೂ ನಡೆದೀತು.

ಬಾಗಿಲು ತಗ್ಗಿನಲ್ಲಿರಲಿ. ಬಿಸಿ ಗಾಳಿ ಮೇಲೇರಿ ಚಾವಣಿಯಡಿ ನಿಲ್ಲುತ್ತದೆ, ಆದ್ದರಿಂದ ನುಸುಳಿ ಹೋಗುವ ಬಾಯಿಂದ ಅದು ಬೇಗ ತಪ್ಪಿಸಿಕೊಳ್ಳದು. ಉತ್ತರ ಧ್ರುವದ ಕಡೆಯ ಇನುಯಿಟ್ ಜನ ಇಗ್ಲೂವಿನ ದಾರಿಯನ್ನು ಮಲಗುವ ಜಗಲಿಗಿಂತ ಕೆಳಗೆ ತೋಡುವುದೂ ಇದಕ್ಕೇ.

ಏಪ್ರಿಲ್ ಹೊತ್ತಿಗೆ ತಾಪಮಾನ 40 ಡಿಗ್ರಿ ದಾಟಿದಾಗ ಈ ಎಂಜಿನ್ನು ಯಾರಿಗೂ ಬೇಡ. ಆಗ ಕೌದಿ ಮಡಚಿಟ್ಟು ಒದ್ದೆ ಚಾದರ ಇಳಿಬಿಟ್ಟು, ಎದುರಿಗೆ ಕಿಟಕಿ ತೆರೆಯಿರಿ. ಒಂದು ಲೀಟರ್ ನೀರು ಆವಿಯಾಗುವಾಗ ಸುಮಾರು 2,400 ಕಿಲೋಜೂಲ್ ಶಾಖ ಹೀರುತ್ತದೆ. ಚಿಂಚೋಳಿಯಿಂದ ಶಹಾಬಾದಿನವರೆಗೆ ಬೇಸಿಗೆಯ ಒಣ ಗಾಳಿ ಇದಕ್ಕೆ ಹೇಳಿ ಮಾಡಿಸಿದ್ದು. ಕಡಲ ತೀರದ ಮಂಗಳೂರಿನ ತೇವದಲ್ಲಿ ಇದೇ ಉಪಾಯ ಅಷ್ಟು ಫಲಿಸದು. ಫರಸಿ ನೆಲವೂ ಈಗ ಹುಡುಗರ ಕಡೆಗೇ, ಬರಿ ಮೈಯಲ್ಲಿ ಮಲಗಿದರೆ ಹಾಯೆನಿಸುತ್ತದೆ.

ತಂದೆತಾಯಿಗಳಿಗೆ ಒಂದು ಮಾತು. ಗುಡಾರದೊಳಗೆ ಮೇಣದಬತ್ತಿ, ಚಿಮಣಿ, ಕೆಂಡದ ಅಗ್ಗಿಷ್ಟಿಕೆ ಯಾವುದೂ ಹೋಗಕೂಡದು. ಹಳೆಯ ಅರಿವೆ ಕ್ಷಣದಲ್ಲಿ ಹೊತ್ತಿಕೊಳ್ಳುತ್ತದೆ, ಕೆಂಡದ ವಿಷಾನಿಲಕ್ಕೆ ವಾಸನೆಯೂ ಇರದು. ಬೆಳಕಿಗೆ ಬ್ಯಾಟರಿ ಕೊಡಿ, ಮಕ್ಕಳು ಅಲ್ಲೇ ನಿದ್ದೆ ಹೋದರೆ ಒಂದು ಬದಿಯ ಕೌದಿ ಮೇಲೆತ್ತಿಡಿ.