ಬೀರುವಿನೊಳಗಿನ ಬೂಷ್ಟು

ಮಳೆಗಾಲವು ಹೊಲಕ್ಕೆ ಹಸುರನ್ನು ತರುವಂತೆ ಮನೆಯೊಳಗಿನ ಬೀರುವಿಗೆ ಬೂಷ್ಟನ್ನೂ ತರುವುದು. ಹರಪನಹಳ್ಳಿ ತಾಲ್ಲೂಕಿನ ನಮ್ಮ ಚಿಗಟೇರಿಯ ಸೀಮೆಯಲ್ಲಿ ವರ್ಷಕ್ಕೆ ಬೀಳುವ ಮಳೆ ಸುಮಾರು 600 ಮಿಲಿಮೀಟರು. ಅಲ್ಲಿ ನಾವು ಪುಸ್ತಕಗಳಿಗಾಗಿ ಅಂಜಿದ್ದು ಗೆದ್ದಲಿಗೆ ಮಾತ್ರ. ಮಗನೊಡನಿರಲು ಮಂಗಳೂರಿಗೆ ಬಂದು ಬಹುಮಹಡಿ ಕಟ್ಟಡದ ಮನೆಯೊಂದರಲ್ಲಿ ನೆಲಸಿದ ಮೇಲೆ ಈ ಹೊಸ ಶತ್ರುವಿನ ಪರಿಚಯವಾಯಿತು. ಇಲ್ಲಿ ವರ್ಷಕ್ಕೆ 3,500 ಮಿಲಿಮೀಟರಿಗೂ ಮೀರಿ ಮಳೆ ಸುರಿಯುವುದು. ಶ್ರಾವಣದ ಒಂದು ದಿನ ಗೋಡೆಬೀರುವನ್ನು ತೆರೆದೆವು. ಮುಗ್ಗುನಾತವು ಮೂಗಿಗೆ ಬಡಿಯಿತು. ನಮ್ಮ ತೀರ್ಥರೂಪರು ಸ್ವಹಸ್ತದಿಂದ ಬರೆದಿಟ್ಟಿದ್ದ ಅಮರಕೋಶದ ರಟ್ಟಿನ ಮೇಲೆ ಬೂದುಬಣ್ಣದ ನವಿರು ಹಬ್ಬಿತ್ತು. ಒಂದು ಹಿಡಿ ನುಸಿಗುಳಿಗೆಯನ್ನಿಟ್ಟು ಬಾಗಿಲನ್ನು ಭದ್ರಪಡಿಸಿದವರು ನಾವೇ ಆದುದರಿಂದ ಅನ್ಯರನ್ನು ದೂರುವಂತಿರಲಿಲ್ಲ.

ಬೂಷ್ಟು ಶಿಲೀಂಧ್ರಗಳ ಕುಲಕ್ಕೆ ಸೇರಿದುದು. ಮೇಘದ ಗರ್ಜನೆಯಿಂದ ಭೂಮಿಯಲ್ಲಿ ಶಿಲೀಂಧ್ರಗಳು ಏಳುವುದನ್ನು ಕಾಳಿದಾಸನು ಮೇಘದೂತದಲ್ಲಿ ಮೆಚ್ಚಿ ವರ್ಣಿಸಿರುವನು. 1928ರಲ್ಲಿ ಫ್ಲೆಮಿಂಗ್ ಪಂಡಿತನು ಪೆನಿಸಿಲಿನ್ ಔಷಧವನ್ನು ಕಂಡುಕೊಂಡುದೂ ಒಂದು ಬಗೆಯ ಬೂಷ್ಟಿನಿಂದಲೇ. ಆದರೆ ಇದೇ ಕುಲವು ಬೀರುವಿನಲ್ಲಿ ಬೆಳೆದರೆ ಬಟ್ಟೆಗೆ ಕಲೆ, ಕಾಗದಕ್ಕೆ ಕ್ಷಯ; ಉಬ್ಬಸವುಳ್ಳವರಿಗೆ ಪೀಡೆ.

ಇದರ ಬೀಜಕಣಗಳು ಗಾಳಿಯಲ್ಲಿ ಸದಾ ತೇಲುತ್ತಿರುವುವು. ಅವುಗಳನ್ನು ನಿರ್ಮೂಲಗೊಳಿಸುವುದು ಅಸಾಧ್ಯ. ಅವು ಮೊಳೆಯಲು ತೇವವು ಬೇಕು. ಕಾರಣವನ್ನು ಕಳೆಯದೆ ಕಾರ್ಯವು ಕಳೆಯದೆಂಬ ನ್ಯಾಯವು ಇಲ್ಲಿಯೂ ಸಲ್ಲುವುದು. ನಮ್ಮ ಬೀರು ಮಳೆಯ ಹೊಡೆತಕ್ಕೆ ಸಿಕ್ಕುವ ಹೊರಗೋಡೆಗೆ ಅಂಟಿಕೊಂಡಿತ್ತು; ಅದರೊಳಗೆ ಗಾಳಿಯಾಡುತ್ತಿರಲಿಲ್ಲ; ಅರೆಯೊಣಗಿದ ಬಟ್ಟೆಗಳನ್ನೂ ಮಡಿಸಿ ತುಂಬಿದ್ದೆವು. ನುಸಿಗುಳಿಗೆಯು ನುಸಿಯನ್ನು ತಡೆಯಬಲ್ಲುದೇ ಹೊರತು ತೇವವನ್ನು ಹೀರಲಾರದು.

ಶುದ್ಧಿಯ ಕ್ರಮವು ಹೀಗೆ. ಮೂಗುಬಾಯಿಗಳಿಗೆ ಮುಸುಕನ್ನು ಕಟ್ಟಿಕೊಂಡು ಬೀರುವನ್ನು ಪೂರ್ಣವಾಗಿ ಬರಿದುಮಾಡತಕ್ಕದ್ದು. ಹತ್ತಿಯ ಬಟ್ಟೆಗಳನ್ನು ಬಿಸಿನೀರಿನಲ್ಲಿ ಸಾಬೂನು ಹಾಕಿ ಒಗೆದು ಬಿಸಿಲಿಗೆ ಹರವಬೇಕು. ರೇಷ್ಮೆಯನ್ನು ನೆರಳಿನ ಗಾಳಿಗೆ ಹಿಡಿದು ಮೃದುವಾದ ಕುಂಚದಿಂದ ಝಾಡಿಸಬೇಕು. ಹಲಗೆಗಳನ್ನು ಸಾಬೂನುನೀರಿನ ಬಟ್ಟೆಯಿಂದ ಒರಸಿ, ಫ್ಯಾನಿನ ಗಾಳಿಗೆ ಒಂದೆರಡು ದಿನ ತೆರೆದಿಡಬೇಕು. ಬ್ಲೀಚಿಂಗ್ ದ್ರವವನ್ನೂ ವಿನಿಗರನ್ನೂ ಎಂದಿಗೂ ಬೆರಸಲಾಗದು. ಬೆರಸಿದರೆ ವಿಷಮಯವಾದ ಕ್ಲೋರೀನ್ ಅನಿಲವು ಹುಟ್ಟುವುದು. ಪುಸ್ತಕಕ್ಕೆ ನೀರನ್ನು ಸೋಕಿಸಲಾಗದು. ಅದನ್ನು ನೆರಳಿನಲ್ಲಿ ಹಾಳೆ ಬಿಡಿಸಿ ಒಣಗಿಸಿ, ಬೂಷ್ಟು ಪುಡಿಯಾದ ಬಳಿಕ ಮನೆಯ ಹೊರಗೆ ಕುಂಚದಿಂದ ತೆಗೆಯತಕ್ಕದ್ದು. ಒದ್ದೆಯಿರುವಾಗಲೇ ಉಜ್ಜಿದರೆ ಅದು ಕಾಗದದೊಳಕ್ಕೆ ಇಳಿಯುವುದು.

ಮುಂದೆ ಬಾರದಂತೆ ತಡೆಯುವುದು ಇನ್ನೂ ಮುಖ್ಯ. ಗೋಡೆಯು ಹೊರಗಿನಿಂದ ಒಸರುತ್ತಿದ್ದರೆ ಮೊದಲು ಅದನ್ನು ಸರಿಪಡಿಸಬೇಕು. ಸಾಮಾನಿಗೂ ಗೋಡೆಗೂ ನಡುವೆ ನಾಲ್ಕು ಬೆರಳಿನ ತೆರಪಿರಲಿ, ಬಾಗಿಲಲ್ಲಿ ಗಾಳಿಕಂಡಿಗಳಿರಲಿ. ಬಿಸಿಲು ಬಿದ್ದ ದಿನ ಕಿಟಕಿಯನ್ನೂ ಬೀರುವನ್ನೂ ತೆರೆಯಬೇಕು. ಜಡಿಮಳೆಯಲ್ಲಿ ಕಿಟಕಿಯನ್ನು ತೆರೆಯುವುದು ತೇವವನ್ನು ಆಹ್ವಾನಿಸಿದಂತೆಯೇ ಸರಿ. ಆಗ ಕ್ಯಾಲ್ಸಿಯಂ ಕ್ಲೋರೈಡಿನ ಡಬ್ಬಿಯೊಂದನ್ನು ಮಕ್ಕಳ ಕೈಗೆಟುಕದಂತೆ ಒಳಗಿಟ್ಟು, ಅದರಲ್ಲಿ ಸೇರಿದ ನೀರನ್ನು ಆಗಾಗ ಚೆಲ್ಲಬೇಕು. ಗಾಳಿಯ ತೇವಾಂಶವು ನೂರಕ್ಕೆ 60ರೊಳಗಿದ್ದರೆ ಬೂಷ್ಟು ಬೆಳೆಯುವುದು ಕಷ್ಟ; ಅದನ್ನು ಅಳೆಯುವ ಸಣ್ಣ ಮಾಪಕಗಳೂ ದೊರೆಯುವುವು.

ನವರಾತ್ರಿಯಲ್ಲಿ ಪುಸ್ತಕಗಳನ್ನೆಲ್ಲ ಹೊರತೆಗೆದು, ಧೂಳು ಕೊಡವಿ, ಸರಸ್ವತಿಯ ಮುಂದಿಡುವ ನಮ್ಮ ಹಿರಿಯರ ಪದ್ಧತಿಯನ್ನು ಬಾಲ್ಯದಿಂದ ನೋಡುತ್ತ ಬಂದಿದ್ದೆವು. ಮಳೆಗಾಲವು ಹಿಂಜರಿಯುವ ಹೊತ್ತಿಗೇ ಆ ಪೂಜೆಯು ಬರುವುದರ ಪ್ರಯೋಜನವು ನಮಗೆ ಈಗ ಹೊಳೆಯಿತು. ತೀರ್ಥರೂಪರ ಅಮರಕೋಶದ ರಟ್ಟಿನ ಮೇಲೆ ಕಲೆಯು ಉಳಿದಿದೆ. ಅಕ್ಷರಗಳು ಮಾತ್ರ ಅಳಿದಿಲ್ಲ. ಈ ಸಲದ ಪೂಜೆಯಲ್ಲಿ ಅದನ್ನೇ ಎಲ್ಲಕ್ಕೂ ಮೇಲಿರಿಸಿದೆವು. ವಾಚಕರು ಪೂಜೆಯ ದಿನದವರೆಗೂ ಕಾಯದೆ, ಇಂದೇ ಒಮ್ಮೆ ತಮ್ಮ ಬೀರುವಿನ ಬಾಗಿಲನ್ನು ತೆರೆದು ನೋಡುವುದು ಒಳಿತು.